ನಗುವ ಕಿರುಬೆರಳು

ಫೆಬ್ರವರಿ 3

ಗಿರಗಟ್ಲೆಗೆ,

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ, ಗೊತ್ತು. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಕಾಗದದಲ್ಲಾದರೆ ಅಣ್ಣ ಮುಗಿಸುವ ತನಕ ತಂಗಿ ಬಾಯಿ ಮುಚ್ಚಿಕೊಂಡಿರಬೇಕು. ನಿನ್ನನ್ನು ಸುಮ್ಮನಿರಿಸಲು ಅರವತ್ತು ವರ್ಷದಲ್ಲಿ ನನಗೆ ಹೊಳೆದ ಉಪಾಯ ಇದೊಂದೇ.

ಕಾಲೇಜಿನವರು ನನ್ನನ್ನು ಮತ್ತೆ ಕರೆಸಿದ್ದಾರೆ. ಎರಡನೇ ಮಹಡಿಯ ಆ ಉದ್ದನೆಯ ಕೋಣೆ ನೆನಪಿದೆಯಲ್ಲ, ಮೂವತ್ತಾರು ವರ್ಷ ನಾನು ಚರ್ಮರೋಗಗಳ ಮೇಣದ ಮಾದರಿಗಳನ್ನು ಮಾಡಿ ಜೋಡಿಸಿಟ್ಟಿದ್ದು? ಅದನ್ನು ಖಾಲಿ ಮಾಡುತ್ತಾರಂತೆ. ಈಗಿನ ವಿದ್ಯಾರ್ಥಿಗಳು ಎಲ್ಲವನ್ನೂ ಪರದೆಯ ಮೇಲೆ ನೋಡುತ್ತಾರೆ. ನೂರ ಹನ್ನೆರಡರಲ್ಲಿ ನಲವತ್ತನ್ನು ಉಳಿಸಿಕೊಂಡು ಕೆಳಗಿನ ಮೊಗಸಾಲೆಯಲ್ಲಿ ಇಡುತ್ತಾರೆ, ಚಿಕಿತ್ಸೆಗೆ ಬಂದವರೂ ನೋಡಲಿ ಎಂದು. ಯಾವ ನಲವತ್ತು ಎಂದು ಆರಿಸಿ, ಹೊಸ ಚೀಟಿ ಬರೆದುಕೊಡುವುದು ನನ್ನ ಕೆಲಸ. ಡಾಕ್ಟರರ ಭಾಷೆ ಬೇಡವಂತೆ, ಅಡುಗೆಮನೆಯಲ್ಲಿ ಆಡುವ ಮಾತಿನಲ್ಲಿ ಬರೆಯಬೇಕಂತೆ. ಅದಕ್ಕೇ ನಿನ್ನ ಮೇಲೆ ಪ್ರಯೋಗ ಮಾಡುತ್ತಿದ್ದೇನೆ.

ಮೊದಲು ಮುತ್ತಿನ ಮಾವ. ಅವರ ಮೂಗು ನೆನಪಿದೆಯೇ? ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮೂಗಿನ ಪಕ್ಕ ಒಂದು ಗುಳ್ಳೆ, ಅಂಚು ಮುತ್ತಿನ ಹಾಗೆ ಹೊಳೆಯುತ್ತಿತ್ತು, ಮೇಲೆ ಕೂದಲಿಗಿಂತ ಸಣ್ಣ ರಕ್ತನಾಳಗಳು. ನಡುವೆ ಹುಣ್ಣಾಗುತ್ತದೆ, ಒಣಗುತ್ತದೆ, ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ಒಡೆಯುತ್ತದೆ. ಅವರು ಮೂರು ವರ್ಷ ಅದನ್ನು ಕನ್ನಡಕ ಉಜ್ಜಿದ ಗಾಯ ಅಂದುಕೊಂಡು ಕನ್ನಡಕ ಬದಲಾಯಿಸುತ್ತಲೇ ಇದ್ದರು. ಚರ್ಮದ ಕ್ಯಾನ್ಸರುಗಳಲ್ಲಿ ಇದು ನಿಧಾನದ್ದು; ಹುಟ್ಟಿದ ಜಾಗದಲ್ಲೇ ಕೂತು ಕೊರೆಯುತ್ತದೆ, ಬೇರೆಡೆಗೆ ಹೋಗುವುದು ಅಪರೂಪ. ತೆಗೆಸಿಕೊಂಡ ಮೇಲೆ ಮಾವ ಇಪ್ಪತ್ತು ವರ್ಷ ಬದುಕಿದರು.

ಎರಡನೆಯದು ಬೇಕರಿಯವನ ಮುಂಗೈ. ಎಳೆ ವಯಸ್ಸಿನಲ್ಲಿ ಒಲೆಗೆ ತಗುಲಿ ಸುಟ್ಟ ಹಳೇ ಕಲೆ. ಅದರ ಮೇಲೆ ಎಷ್ಟೋ ವರ್ಷದ ನಂತರ ಒರಟಾದ, ಹೊಪ್ಪಳೆಗಟ್ಟಿದ ಹುಣ್ಣು. ಕಿತ್ತರೆ ರಕ್ತ, ಬಿಟ್ಟರೆ ಇನ್ನಷ್ಟು ದಪ್ಪ. ಇಂಥದು ತುಟಿಯ ಮೇಲೂ ಬರುತ್ತದೆ, ಕಿವಿಯ ಅಂಚಿನಲ್ಲೂ ಬರುತ್ತದೆ. ಬಿಟ್ಟರೆ ಹರಡುತ್ತದೆ. ವಾಸಿಯಾಗದ ಗಾಯವನ್ನು ನಂಬಬೇಡಿ ಎಂದು ಬರೆದಿದ್ದೇನೆ. ಸಾಕೇ?

ಬಟ್ಟೆಗೆ ಬಣ್ಣ ಅದ್ದುವ ನಿನ್ನ ಹಂಡೆಗಳು ಹೇಗಿವೆ? ಅತ್ತಿಗೆ ಕೇಳಿದಳು ಎಂದು ಬರೆ ಎನ್ನುತ್ತಿದ್ದಾಳೆ.

ನಿನ್ನ ಅಣ್ಣ


ಫೆಬ್ರವರಿ 19

ಮೇಣಪ್ಪನವರಿಗೆ,

ನಿನ್ನ ಕಾಗದ ಬಂತು. ಅಕ್ಷರ ಏನು, ಒಂದೊಂದೂ ಗುಂಡುಕಲ್ಲಿನಷ್ಟಿವೆ! ಮೊದಲು ಒಂದೇ ಹಾಳೆಯಲ್ಲಿ ರಾಮಾಯಣ ಬರೆಯುತ್ತಿದ್ದೆ, ಈಗ ಆರು ಹಾಳೆ. ಮಾತು ಅಷ್ಟೇ, ಕಾಗದ ಜಾಸ್ತಿ. ವಯಸ್ಸಾದ ಮೇಲೆ ಧಾರಾಳ ಬಂದಿದೆ ಅಂದುಕೊಂಡೆ.

ಚೀಟಿ ಚೆನ್ನಾಗಿದೆ. ಬಟ್ಟೆ ಹಿಂಡುವಾಕೆಗೆ ಓದಿ ಹೇಳಿದೆ. ಅವಳು ತಕ್ಷಣ ಮೂಗು ಮುಟ್ಟಿ ನೋಡಿಕೊಂಡಳು. ನೀನು ಬರೆದದ್ದು ಅರ್ಥವಾಗುತ್ತದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಂಡೆಗಳು ಚೆನ್ನಾಗಿವೆ. ಈ ತಿಂಗಳೆಲ್ಲ ಕಪ್ಪು. ಒಂದು ನಾಟಕದ ಕಂಪನಿಗೆ ಇನ್ನೂರು ಗಜದ ಪರದೆ. ಕಪ್ಪು ಅದ್ದುವಾಗೆಲ್ಲ ಅಪ್ಪ ಎದುರಿಗೆ ನಿಂತಂತಾಗುತ್ತದೆ. ನಮ್ಮಿಬ್ಬರನ್ನೂ ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿ, ಕಪ್ಪು ಬಟ್ಟೆಯ ತುಂಡುಗಳನ್ನು ಹಗ್ಗಕ್ಕೆ ಸಿಕ್ಕಿಸಿ, "ಇದ್ರಲ್ಲಿ ನೀಲಿ ಬೆರ್ತಿರೋದು ಯಾವ್ದು? ಕೆಂಪು ಬೆರ್ತಿರೋದು ಯಾವ್ದು? ಹೇಳಿದ್ಮೇಲೇ ಊಟ" ಅನ್ನುತ್ತಿದ್ದರಲ್ಲ! ಹನ್ನೊಂದು ಬಗೆಯ ಕಪ್ಪು. ನೀನು ಹನ್ನೊಂದನ್ನೂ ಹೇಳುತ್ತಿದ್ದೆ, ನಾನು ಒಂಬತ್ತಕ್ಕೇ ಹಸಿವು ಅಂತ ಅಳುತ್ತಿದ್ದೆ. ಕೊನೆಗೆ ನೋಡಿದರೆ ಹನ್ನೊಂದು ಹೇಳಿದವನು ಮೇಣ ಹಿಡಿದು ಹೋದ, ಒಂಬತ್ತು ಹೇಳಿದವಳ ತಲೆಗೆ ಹಂಡೆ ಬಿತ್ತು.

ಅಪ್ಪನ ತುಂಡುಗಳ ಹಗ್ಗ ಈಗಲೂ ಇದೆ. ಪ್ರತಿ ಸಲ ಅದ್ದಿದಾಗಲೂ ಒಂದು ತುಂಡು, ಅದರ ಮೂಲೆಗೆ ತಾರೀಕು. "ಕಣ್ಣು ಮರೆಯುತ್ತೆ, ತುಂಡು ಮರೆಯಲ್ಲ" ಅನ್ನುತ್ತಿದ್ದರು. ಅದನ್ನು ನಾನೂ ಬಿಟ್ಟಿಲ್ಲ.

ಹೌದು, ಆ ಕೋಣೆ ಖಾಲಿಯಾದರೆ ಅಲ್ಲಿರುವ ನನ್ನ ಮೇಣದ ಕಾಲಿನ ಗತಿ ಏನು? ಅದು ನಲವತ್ತರಲ್ಲಿ ಇದೆಯೋ ಇಲ್ಲವೋ? ಇಲ್ಲವೆಂದರೆ ನನಗೆ ಕಳಿಸಿಬಿಡು. ನನ್ನ ಕಾಲನ್ನು ಇನ್ಯಾರೋ ಕಸಕ್ಕೆ ಎಸೆಯುವುದು ಬೇಡ. ನನ್ನದೇ ಕಾಲು ಈಚೆಗೆ ಸ್ವಲ್ಪ ಹಟ ಮಾಡುತ್ತಿದೆ, ಚಪ್ಪಲಿ ಹೊಸದು, ಕಚ್ಚುತ್ತದೆ. ಜೊತೆಗೆ ಇನ್ನೊಂದು ಕಾಲಿದ್ದರೆ ಒಳ್ಳೆಯದೇ.

ನಿನ್ನ ತಂಗಿ


ಮಾರ್ಚ್ 8

ಗಿರಗಟ್ಲೆಗೆ,

ನಿನ್ನ ಕಾಲು ಹೊರಟಿದೆ. ಮರದ ಪೆಟ್ಟಿಗೆಯಲ್ಲಿ ಹೊಟ್ಟು ತುಂಬಿ, ಮೇಲೆ 'ಬಿಸಿಲಿಗೆ ಇಡಬೇಡಿ' ಎಂದು ಬರೆಸಿದ್ದೇನೆ. ನಲವತ್ತರಲ್ಲಿ ಸೇರಿಸಬಹುದಿತ್ತು. ಆದರೆ ಅದು ರೋಗದ ಮಾದರಿ ಅಲ್ಲ, ರೋಗ ಇಲ್ಲದ್ದರ ಮಾದರಿ. ಜಾಗ ಕಡಿಮೆ ಇರುವಾಗ ಆರೋಗ್ಯವಂತರನ್ನೇ ಮೊದಲು ಮನೆಗೆ ಕಳಿಸುವುದು ವಾಡಿಕೆ.

ಪೆಟ್ಟಿಗೆಗೆ ಮೊಳೆ ಹೊಡೆಯುವ ಮುಂಚೆ ಬಹಳ ಹೊತ್ತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಅದು ನನ್ನ ಮೊದಲ ವರ್ಷದ ಕೆಲಸ. ನಿನಗೆ ಹತ್ತೊಂಬತ್ತು. ಚರ್ಮವಿಭಾಗದ ಹಿರಿಯರು ನನ್ನನ್ನು ಕರೆದು, "ಕೆಟ್ಟದ್ದನ್ನೆಲ್ಲ ಮಾಡ್ತೀಯ. ಪಕ್ಕದಲ್ಲಿ ಇಡೋಕೆ ಒಂದು ಒಳ್ಳೇ ಮಚ್ಚೆ ಬೇಕಲ್ಲಪ್ಪ" ಅಂದರು. ಒಳ್ಳೇ ಮಚ್ಚೆ ಎಂದ ಕೂಡಲೇ ನನಗೆ ನೆನಪಾದದ್ದು ನಿನ್ನ ಬಲ ಅಂಗಾಲು, ಕಿರುಬೆರಳಿನ ಬುಡ. ಅಂಗಾಲಲ್ಲಿ ಮಚ್ಚೆ ಇದ್ದವರು ಒಂದೆಡೆ ನಿಲ್ಲುವುದಿಲ್ಲ ಎಂದು ಅಜ್ಜಿ ನಿನಗೆ ಗಿರಗಟ್ಲೆ ಎಂದು ಹೆಸರಿಟ್ಟಿದ್ದಳಲ್ಲ, ಅದೇ.

ನೀನು ಬೆಂಚಿನ ಮೇಲೆ ಬೋರಲಾಗಿ ಮಲಗಿದೆ. ನಾನು ತಣ್ಣೀರಿನಲ್ಲಿ ಪ್ಲಾಸ್ಟರು ಕಲಸಿ ಅಂಗಾಲಿಗೆ ಹಚ್ಚಿದೆ. ಅಷ್ಟೇ, "ಅಯ್ಯೋ ಕಚಗುಳಿ! ಬಿಡೋ, ಬಿಡೋ!" ಎಂದು ಹೊರಳಾಡಿ ನಕ್ಕೆ. ಮೊದಲನೆಯ ಅಚ್ಚು ಒಡೆದುಹೋಯಿತು. ಎರಡನೆಯದೂ. ಮೂರನೆಯ ಸಲ ತುಟಿ ಕಚ್ಚಿಕೊಂಡು ಮಲಗಿದೆಯಾದರೂ ಕಿರುಬೆರಳು ಮಾತ್ರ ಮಡಚಿಕೊಂಡುಬಿಟ್ಟಿತು. ಹಿರಿಯರು ನೋಡಿ, "ಈ ಬೆರಳು ನಗ್ತಾ ಇದೆಯಲ್ಲಯ್ಯ" ಅಂದರು. ಹಾಗೇ ಇರಲಿ ಎಂದು ಬಿಟ್ಟೆ. ನಲವತ್ತೊಂದು ವರ್ಷ ಅದು ಗಾಜಿನ ಕಪಾಟಿನಲ್ಲಿ ನಗುತ್ತಾ ಇತ್ತು. ಚೀಟಿಯಲ್ಲಿ 'ನಿರಪಾಯ ಮಚ್ಚೆ' ಎಂದು ಬರೆದೆ. ಆ ಚೀಟಿಯ ಒಂದು ಪ್ರತಿ ನಿನಗೂ ಕೊಟ್ಟಿದ್ದೆ, ಮದುವೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ ನೀನು.

ಅದರ ಪಕ್ಕದಲ್ಲೇ ಇದ್ದದ್ದು ಚರ್ಮದ ಕ್ಯಾನ್ಸರಿನ ಮೂರನೆಯ ಜಾತಿ, ಕರಿಯದು, ಎಲ್ಲಕ್ಕಿಂತ ಕೆಟ್ಟದ್ದು. ಅದರ ಚೀಟಿಯೇ ನನಗೆ ಕಷ್ಟವಾಗಿದೆ, ಓದಿ ಹೇಳು: "ಒಳ್ಳೆಯ ಮಚ್ಚೆ ದುಂಡಗೆ, ಒಂದೇ ಬಣ್ಣ, ಅಂಚು ನಯ, ವರ್ಷಗಟ್ಟಲೆ ಇದ್ದ ಹಾಗೇ ಇರುತ್ತದೆ. ಕೆಟ್ಟದ್ದರ ಒಂದು ಅರ್ಧ ಇನ್ನೊಂದನ್ನು ಹೋಲುವುದಿಲ್ಲ. ಅಂಚು ಹರಕು. ಒಂದರಲ್ಲೇ ಕಂದು, ಕಪ್ಪು, ನೀಲಿ. ಪೆನ್ಸಿಲಿನ ಹಿಂಬದಿಗಿಂತ ದೊಡ್ಡದು. ಎಲ್ಲಕ್ಕಿಂತ ಮುಖ್ಯ, ಅದು ಬದಲಾಗುತ್ತದೆ. ಕಪ್ಪು ಮೈಯವರಿಗೆ ಇದು ಅಂಗೈ, ಅಂಗಾಲು, ಉಗುರಿನ ಅಡಿ ಹುಡುಕಿಕೊಂಡು ಬರುತ್ತದೆ."

ಹೊಸ ಚಪ್ಪಲಿ ಕಚ್ಚಿದರೆ ಹಳೆಯದನ್ನೇ ಹಾಕಿಕೋ. ನಿನಗೆ ಯಾವಾಗಲೂ ಅಂದಕ್ಕೇ ಒಲವು.

ಅಣ್ಣ


ಏಪ್ರಿಲ್ 2

ಅಣ್ಣಾ,

ಕಾಲು ಬಂತು! ಒಂದು ಚೂರೂ ಮುರಿದಿಲ್ಲ. ಹಿಂಡುವಾಕೆ ಪೆಟ್ಟಿಗೆ ತೆಗೆದು ಹೊಟ್ಟು ಸರಿಸಿ, ಕಿರುಚಿ, ಹಂಡೆಯ ಹಿಂದೆ ಹೋಗಿ ನಿಂತಳು. ಅವಳಿಗೆ ವಿವರಿಸುವಷ್ಟರಲ್ಲಿ ಒಂದು ಹಂಡೆ ಬಣ್ಣ ಆರಿತು.

ಎಂಥ ಕಾಲು ಅಣ್ಣಾ ನನ್ನದು! ಹಿಮ್ಮಡಿಯಲ್ಲಿ ಒಂದು ಬಿರುಕಿಲ್ಲ. ಆ ಬೆರಳು ನೋಡಿದ ಕೂಡಲೇ ನನಗೆ ಮತ್ತೆ ಕಚಗುಳಿ ಆಯಿತು. ಆ ಕೋಣೆಯ ಮೇಣದ ವಾಸನೆ, ನಿನ್ನ ನೀಲಿ ಏಪ್ರನ್ನು, ಕಿಟಕಿಯ ಕೆಳಗೆ ಅಂಗಳದಲ್ಲಿ ಅಮ್ಮ ಬುತ್ತಿ ಹಿಡಿದು, "ಇನ್ನೂ ಆಗ್ಲಿಲ್ವೇನ್ರೋ?" ಅಂತ ಕೂಗಿದ್ದು, ಎಲ್ಲ ಬಂತು. ಸ್ವಲ್ಪ ಅತ್ತೆ. ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ.

ಆದರೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮೇಣ ಮಾಸಿದೆ. ಮಚ್ಚೆ ಬರೀ ಕಂದು ಬಣ್ಣಕ್ಕೆ ಇಳಿದಿದೆ, ಸಣ್ಣದಾಗಿ ಮುದುಡಿಯೂ ಹೋಗಿದೆ, ಕೊತ್ತಂಬರಿ ಕಾಳಿನಷ್ಟು. ನನ್ನದು ಎಷ್ಟು ಕಪ್ಪಾಗಿ, ಎಷ್ಟು ಅಗಲವಾಗಿ ಇದೆ! ನಲವತ್ತೊಂದು ವರ್ಷ ಗಾಜಿನೊಳಗೆ ಇದ್ದರೂ ಮೇಣ ಮೇಣವೇ. ಅಪ್ಪನ ಬಣ್ಣ ಆಗಿದ್ದರೆ ಮಾಸುತ್ತಿರಲಿಲ್ಲ ನೋಡು.

ಶೆಡ್ಡಿನ ಮೇಲಿನ ಹಲಗೆಯ ಮೇಲೆ, ತುಂಡುಗಳ ಹಗ್ಗದ ಪಕ್ಕದಲ್ಲೇ ಇಟ್ಟಿದ್ದೇನೆ.

ತಂಗಿ


ಏಪ್ರಿಲ್ 11

ತಂಗಿಗೆ,

ನಿನ್ನ ಕಾಗದ ಅತ್ತಿಗೆ ಓದಿದಳು. ನನ್ನ ಮೇಣ ಮಾಸಿದೆಯಂತೆ! ಯಾರಿಗೆ ಹೇಳುತ್ತೀ? ಅದಕ್ಕೆ ಹಾಕಿದ್ದು ನೆಲದಿಂದ ಬಂದ ಮಣ್ಣಿನ ಬಣ್ಣ. ಮೇಲೆ ಬಳಿದದ್ದಲ್ಲ, ಮೇಣದ ಒಳಗೇ ಕಲಸಿದ್ದು. ಮೂವತ್ತಾರು ವರ್ಷದಲ್ಲಿ ನನ್ನ ಒಂದು ಮಾದರಿ ಮಾಸಿದೆ ಅಂದವರಿಲ್ಲ. ಕಪ್ಪಲ್ಲಿ ಒಂಬತ್ತಕ್ಕೇ ಅತ್ತವಳು ಹೇಳುತ್ತಾಳೆ!

ಮುದುಡಿದೆಯಂತೆ. ಮೇಣ ಕುಗ್ಗುವುದಾದರೆ ಇಡೀ ಪಾದ ಕುಗ್ಗಬೇಕು. ಮಚ್ಚೆ ಒಂದೇ ಹೇಗೆ ಕುಗ್ಗುತ್ತದೆ? ನೀನು ಕಣ್ಣಳತೆಯಲ್ಲಿ ಹೇಳಿದ್ದು ನನಗೆ ಬೇಡ. ದಾರ ತೆಗೆದುಕೊಂಡು ಅಪ್ಪ ಅಳೆಯುತ್ತಿದ್ದ ಹಾಗೆ ಅಳೆ. ಮೇಣದ ಮಚ್ಚೆಯ ಅಗಲಕ್ಕೆ ಒಂದು ದಾರ, ಗುರುತಿಗೆ ಒಂದು ಗಂಟು. ನಿನ್ನ ಮಚ್ಚೆಯ ಅಗಲಕ್ಕೆ ಇನ್ನೊಂದು, ಎರಡು ಗಂಟು. ಕಾಗದದಲ್ಲಿಟ್ಟು ಕಳಿಸು. ಆಮೇಲೆ ನನ್ನ ಕ್ಷಮೆ ಕೇಳು.

ಅಣ್ಣ


ಏಪ್ರಿಲ್ 24

ಅಣ್ಣಾ,

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಜೊತೆ ವಾದ ಮಾಡಬಾರದು. ತಗೋ, ಎರಡು ದಾರ.

ಅಳೆಯುವುದು ಸುಲಭವಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ. ಅಂಗಾಲಿನದಕ್ಕೆ ಬೇಕೇ ಬೇಕು. ಕೊನೆಗೆ ಹಿಂಡುವಾಕೆಯನ್ನು ಕೂರಿಸಿಕೊಂಡೆ. ಅವಳೂ ಅಂಚು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗದೆ ಒದ್ದಾಡಿದಳು, ಒಂದು ಕಡೆ ಬೆರಳಿನ ಸಂದಿಗೆ ಹರಿದು ಹೋಗಿದೆ. ಬಣ್ಣ ಹತ್ತಿದ್ದು ಅಂತ ನಾನಂದೆ. ಈ ವರ್ಷವೆಲ್ಲ ಕಪ್ಪಿನಲ್ಲೇ ನಿಂತಿದ್ದೇನಲ್ಲ. ಅವಳು ಸೋಪು ಹಚ್ಚಿ ಉಜ್ಜಿ, "ಅಕ್ಕಾ, ಎಡಗಾಲಿಂದು ಹೋಯ್ತು. ಇದು ಹೋಗ್ತಾ ಇಲ್ಲ" ಅಂದಳು. ಹೋಗದಿದ್ದರೆ ಇರಲಿ ಬಿಡು. ಚಪ್ಪಲಿ ಕಚ್ಚಿದ ಜಾಗವೂ ಅದೇ. ಆಗಾಗ ಸ್ವಲ್ಪ ಒಸರುತ್ತದೆ.

ಈಗ ಯಾರು ಕ್ಷಮೆ ಕೇಳಬೇಕು?

ತಂಗಿ


ಏಪ್ರಿಲ್ 29

ಪುಟ್ಟೀ,

ಇದನ್ನು ಅಂಚೆಗೆ ಹಾಕಿ ಬಂದ ಕೂಡಲೇ ಫೋನು ಮಾಡುತ್ತೇನೆ. ಫೋನಿನಲ್ಲಿ ನೀನು ನಗಿಸಿ ಮುಗಿಸಿಬಿಡುತ್ತೀ, ಅದಕ್ಕೇ ಬರೆದೂ ಇಡುತ್ತಿದ್ದೇನೆ.

ಮೇಣ ಮಾಸುವುದಿಲ್ಲ. ಮುದುಡಿಲ್ಲ. ನಾನು ಮಾಡಿದ ದಿನ ಹೇಗಿತ್ತೋ ಹಾಗೇ ಇದೆ. ಬದಲಾಗಿರುವುದು ನಿನ್ನ ಕಾಲು.

ಎರಡೂ ದಾರಗಳನ್ನು ಉಗುರಿನ ಮೇಲಿಟ್ಟು ನೋಡಿದೆ. ಒಂದು ಗಂಟಿನದು ಉಗುರಿನ ಅರ್ಧಕ್ಕೂ ಬರುವುದಿಲ್ಲ. ಎರಡು ಗಂಟಿನದು ನನ್ನ ಹೆಬ್ಬೆರಳಿನ ಉಗುರನ್ನು ದಾಟಿ ಹೋಯಿತು. ಹತ್ತು ಸಲ ಅಳೆದೆ. ಅಂಚು ಸಿಗುತ್ತಿಲ್ಲ, ಒಸರುತ್ತದೆ, ಸೋಪಿಗೆ ಹೋಗುವುದಿಲ್ಲ. ಇದನ್ನೇ ನಾನು ಮಾರ್ಚಿನಲ್ಲಿ ಚೀಟಿ ಮಾಡಿ ನಿನಗೆ ಕಳಿಸಿದ್ದೆ. ನೀನು ಓದಿದೆ, ನಿನ್ನ ಉತ್ತರ ನಾನೂ ಕೇಳಿದೆ, ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನಂತೂ ನನ್ನ ಬಣ್ಣದ ಮರ್ಯಾದೆ ಕಾಯುತ್ತ ಕೂತಿದ್ದೆ.

ನಾಳೆ ಬೆಳಿಗ್ಗೆ ಚರ್ಮದ ಡಾಕ್ಟರ ಹತ್ತಿರ ಹೋಗು. ನಾಟಕದವರ ಪರದೆ ಹಾಳಾಗಿ ಹೋಗಲಿ. ಮೇಣದ ಕಾಲನ್ನೂ ಚೀಲದಲ್ಲಿ ಹಾಕಿಕೊಂಡು ಹೋಗು. ಅವರ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಡು. ಕೂಡಲೇ ಅರ್ಥವಾಗುತ್ತದೆ.

ಅಣ್ಣ


ಮೇ 6

ಅಣ್ಣನಿಗೆ,

ಹೋಗಿ ಬಂದೆ. ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಮೇಣದ ಕಾಲು ಮೇಜಿನ ಮೇಲಿಟ್ಟಾಗ ಮೊದಲು ನಕ್ಕರು. ಆಮೇಲೆ ನನ್ನ ಕಾಲು ನೋಡಿ ನಗು ನಿಲ್ಲಿಸಿದರು. "ಇದು ಯಾವ ವರ್ಷದ್ದು?" ಅಂತ ಕೇಳಿದರು. ನಿನ್ನ ಚೀಟಿ ತೋರಿಸಿದೆ. ಅದರಲ್ಲಿ ತಾರೀಕೇ ಇಲ್ಲ. 'ನಿರಪಾಯ ಮಚ್ಚೆ', ಅಷ್ಟೇ. ಅಪ್ಪನ ಮಗನಾಗಿ ತಾರೀಕು ಹಾಕದೆ ಬಿಟ್ಟೆಯಲ್ಲ!

ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಾರೆ. "ಇಷ್ಟು ದಿನ ಯಾಕಮ್ಮಾ ಬರ್ಲಿಲ್ಲ?" ಅಂದರು. "ನಮ್ಮಣ್ಣ ನಿರಪಾಯ ಅಂತ ಬರ್ಕೊಟ್ಟಿದ್ದ" ಅಂದೆ. ನನ್ನ ಬಾಯಿಂದ ಅದು ಎಷ್ಟು ಸಣ್ಣ ಹುಡುಗಿಯ ಮಾತಿನ ಹಾಗೆ ಬಂತು ಅಂದರೆ ನನಗೇ ನಾಚಿಕೆಯಾಯಿತು. ಸಿಟ್ಟೂ ಬಂತು. ಎರಡು ವರ್ಷದಿಂದ ಅದು ಬೆಳೆಯುತ್ತಿದೆ ಅಂತ ನನಗೆ ಒಳಗೊಳಗೇ ಗೊತ್ತಿತ್ತು ಅಣ್ಣಾ. ಗೊತ್ತಾದಾಗೆಲ್ಲ ನಿನ್ನ ಚೀಟಿ ನೆನೆಸಿಕೊಂಡು ಕಾಲನ್ನು ಹಂಡೆಯ ನೀರಿಗೆ ಇಳಿಸುತ್ತಿದ್ದೆ. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೋ ನನ್ನ ಮೇಲೋ ತಿಳಿಯದೆ ಮೂರು ದಿನ ನಿನ್ನ ಫೋನು ಎತ್ತಲಿಲ್ಲ.

ಎತ್ತಿದ್ದು ಅತ್ತಿಗೆಯ ಫೋನು. ಅವಳು ಎಲ್ಲ ಹೇಳಿದಳು. ನಿನ್ನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಯಿತಂತೆ. ಗುಂಡುಕಲ್ಲಿನ ಅಕ್ಷರ ಧಾರಾಳದ್ದಲ್ಲವಂತೆ. ಆಪರೇಷನ್ನಿಗೆ ಹೆದರಿ, ಬಣ್ಣ ಕಾಣುತ್ತಿಲ್ಲ ಅಂತ ಕಾಲೇಜಿನವರಿಗೂ ಹೇಳದೆ, ಮಾದರಿಗಳನ್ನು ಬೆರಳಲ್ಲಿ ತಡವಿ ಆರಿಸುತ್ತಿದ್ದೀಯಂತೆ. ಹನ್ನೊಂದು ಕಪ್ಪು ಹೇಳಿದವನೇ, ನನಗೆ ಬುದ್ಧಿ ಹೇಳುತ್ತೀಯಾ? ಡಾಕ್ಟರ ಕೈಗೆ ನಾನು ಕಾಲು ಕೊಡುತ್ತೇನೆ, ನೀನು ಕಣ್ಣು ಕೊಡು. ಇಲ್ಲದಿದ್ದರೆ ನಾನೂ ಹೋಗುವುದಿಲ್ಲ.

ಅಂದ ಹಾಗೆ, ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬರು ಕೂತಿದ್ದರು, ಕಣ್ಣಿನ ಕೆಳಗೆ ಹೊಳೆಯುವ ಗುಳ್ಳೆ, ಅಂಚು ಥೇಟು ಮುತ್ತು. ಮತ್ತೆ ಮತ್ತೆ ಅದನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಮ್ಮ ಮುತ್ತಿನ ಮಾವನ ಕಥೆ ಹೇಳಿದೆ. "ಇಪ್ಪತ್ತು ವರ್ಷ ಬದುಕಿದ್ರಾ?" ಅಂತ ಎರಡು ಸಲ ಕೇಳಿದರು. ನನ್ನದು ಯಾವ ಜಾತಿ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಂಗಿ


ಮೇ 15

ಪುಟ್ಟೀ,

ಪರೀಕ್ಷೆಯ ಫಲಿತಾಂಶ ಅತ್ತಿಗೆ ಹೇಳಿದಳು. ಮೂರನೆಯದೇ. ಕರಿಯದೇ.

ತಪ್ಪು ನನ್ನದು. ಅವತ್ತಿನ ಮಟ್ಟಿಗೆ ನಿರಪಾಯ ಎಂದು ಬರೆಯಬೇಕಿತ್ತು, ಎಂದೆಂದಿಗೂ ಎಂಬಂತೆ ಬರೆದೆ. ಆರಿ ಗಟ್ಟಿಯಾದ ಮೇಣ ಮತ್ತೆ ಬದಲಾಗುವುದಿಲ್ಲ. ಅದನ್ನೇ ಮಾಡಿ ಮಾಡಿ, ಮೈಯೂ ಹಾಗೇ ಎಂದು ನಂಬಿದೆನೋ ಏನೋ. ಸಾವಿರ ವಿದ್ಯಾರ್ಥಿಗಳಿಗೆ 'ಬದಲಾವಣೆ ನೋಡಿ, ಬದಲಾವಣೆ ನೋಡಿ' ಎಂದು ಹೇಳಿದವನು ತಂಗಿಯ ಕಾಲನ್ನು ಮತ್ತೊಂದು ಸಲ ನೋಡಲಿಲ್ಲ. ದೀಪದ ಕೆಳಗೆ ಕತ್ತಲು ಅನ್ನುವುದು ಇದಕ್ಕೇ.

ನನಗೆ ಹೆದರಿಕೆಯಾಗಿದೆ. ನಿನ್ನನ್ನು ಕಳೆದುಕೊಂಡರೆ ಅಪ್ಪನ ಶೆಡ್ಡಿನ ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದವರು ಯಾರೂ ಉಳಿಯುವುದಿಲ್ಲ.

ಕಣ್ಣು ಕೊಡುತ್ತೇನೆ. ಜೂನ್ ಎರಡಕ್ಕೆ ಬಲಗಣ್ಣು, ಇಪ್ಪತ್ತಕ್ಕೆ ಎಡಗಣ್ಣು. ನಿನ್ನದು ಎಂದು?

ಅಣ್ಣ


ಜುಲೈ 9

ಅಣ್ಣಾ,

ಈ ಕಾಗದವನ್ನು ನೀನೇ ಓದುತ್ತಿದ್ದೀ ಅಂತ ಅತ್ತಿಗೆ ಹೇಳಿದಳು. ಹಾಗಾದರೆ ಸಣ್ಣಕ್ಷರದಲ್ಲೇ ಬರೆಯುತ್ತೇನೆ, ಪರೀಕ್ಷೆ ಆಗಲಿ.

ನೀನು ಬಂದು ಕೂರುತ್ತೇನೆ ಅಂದಾಗ ಬೇಡ ಅಂದದ್ದು ನಾನೇ. ಹೊಸ ಕಣ್ಣಿಗೆ ಮೊದಲು ಕಾಣಬೇಕಾದದ್ದು ಆಸ್ಪತ್ರೆಯ ಮಂಚ ಅಲ್ಲ. ಈಗ ಎಲ್ಲ ಹೇಳುತ್ತೇನೆ.

ಕಿರುಬೆರಳು ಮತ್ತು ಅದರ ಬುಡ ತೆಗೆದರು. ತೊಡೆಯ ಚರ್ಮ ತಂದು ಅಲ್ಲಿಗೆ ತೇಪೆ ಹಾಕಿದ್ದಾರೆ, ಬಣ್ಣ ಒಂಚೂರೂ ಹೊಂದಿಲ್ಲ, ಅಪ್ಪ ನೋಡಿದ್ದರೆ ವಾಪಸು ಕಳಿಸುತ್ತಿದ್ದರು. ತೊಡೆಸಂದಿಯ ಒಂದು ಗ್ರಂಥಿಯನ್ನೂ ತೆಗೆದು ಪರೀಕ್ಷೆ ಮಾಡಿದರು. ಅದರ ಫಲಿತಾಂಶಕ್ಕೆ ಕಾದ ಹನ್ನೊಂದು ದಿನ ನಾನು ಯಾರ ಜೊತೆಗೂ ತಮಾಷೆ ಮಾಡಲಿಲ್ಲ. ಹಿಂಡುವಾಕೆಗೆ ಅದೇ ಹೆಚ್ಚು ಭಯವಾಯಿತಂತೆ. ನಿನ್ನೆ ಬಂತು. ಗ್ರಂಥಿ ಸ್ವಚ್ಛ. ಹೊರಗೆ ಹರಡಿದ ಗುರುತಿಲ್ಲ.

"ವಾಸಿಯಾಯ್ತಾ ಡಾಕ್ಟ್ರೇ?" ಅಂದೆ. ಡಾಕ್ಟರಮ್ಮ, "ಇವತ್ತಿನ ಮಟ್ಟಿಗೆ ಚೆನ್ನಾಗಿದೆ. ಮೂರು ತಿಂಗ್ಳಿಗೊಂದ್ಸಲ ಬಂದು ತೋರಿಸ್ಬೇಕು" ಅಂದು ತಾರೀಕು ಬರೆದು ಸಹಿ ಹಾಕಿದರು. ಅವರು ಅಪ್ಪನ ಮಗಳಾಗಬೇಕಿತ್ತು. ಇನ್ನು ಆರು ತಿಂಗಳು ತಡವಾಗಿದ್ದರೆ ಮಾತು ಬೇರೆಯೇ ಇತ್ತಂತೆ. ತಪ್ಪು ನಿನ್ನದು ಅಂತ ಬರೆದೆಯಲ್ಲ, ಅದರಲ್ಲಿ ಅರ್ಧ ನನಗೆ ಕೊಡು. ಉಳಿದರ್ಧವನ್ನೂ ಆ ಎರಡು ದಾರ ತೀರಿಸಿತು.

ಈಗ ನಿನಗೊಂದು ಕೆಲಸ. ನಿನ್ನ ಮೊಗಸಾಲೆಯಲ್ಲಿ ಇನ್ನೂ ಒಂದು ಜಾಗ ಉಳಿದಿದೆ ಅಂತ ಅತ್ತಿಗೆ ಹೇಳಿದಳು. ಮೇಣದ ಕಾಲನ್ನು ವಾಪಸು ತಗೋ. ಅದರ ಪಕ್ಕಕ್ಕೆ ಈಗಿನ ಕಾಲಿನ ಅಚ್ಚು ತೆಗೆದು ಇಡು. ಎರಡಕ್ಕೂ ತಾರೀಕು ಹಾಕು. ನೋಡಿದವರು ಮನೆಗೆ ಹೋಗಿ ಒಂದು ಸಲ ಅಂಗಾಲು ಎತ್ತಿ ನೋಡಿಕೊಳ್ಳಲಿ.

ನನ್ನ ಕಿರುಬೆರಳು ಈಗ ನಿನ್ನ ಮೇಣದಲ್ಲಿ ಬಿಟ್ಟರೆ ಈ ಲೋಕದಲ್ಲಿ ಎಲ್ಲೂ ಇಲ್ಲ. ನಿನ್ನೆ ಹಲಗೆಯಿಂದ ಇಳಿಸಿ, ಧೂಳು ಒರೆಸಿ, ತುಂಬ ಹೊತ್ತು ಅದನ್ನು ಹಿಡಿದುಕೊಂಡು ಕೂತೆ. ಇನ್ನೂ ನಗುತ್ತಲೇ ಇದೆ.

ಮುಂದಿನ ತಿಂಗಳು ಗಾಯ ಪೂರ್ತಿ ಒಣಗುತ್ತದೆ, ಆಗ ಪ್ಲಾಸ್ಟರು ತೆಗೆದುಕೊಂಡು ಬಾ. ಹೊಸ ಚರ್ಮದಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಆದರೆ ಹಿಮ್ಮಡಿಗೆ ಇನ್ನೂ ಕಚಗುಳಿ ಇದೆ. ಬಿಸಿನೀರಲ್ಲಿ ಕಲಸಬೇಡ, ತಣ್ಣೀರಲ್ಲೇ ಕಲಸು. ಎರಡು ಅಚ್ಚಾದರೂ ಒಡೆಯಬೇಕು.

ನಿನ್ನ ಗಿರಗಟ್ಲೆ